ಮಧ್ಯಮ ಬೆಲೆಯ ಗ್ರಾಫಿಕ್ಸ್ ಕಾರ್ಡ್‌ಗಳು: ಹೆಸರೊಂದೇ, ಮೆಮೊರಿ ಬೇರೆ

ಕಂಪ್ಯೂಟರ್ ಪರದೆಯ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡ್‌ಗಳ ಪೈಕಿ ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಟಿಐ 2025ರ ಏಪ್ರಿಲ್‌ನಲ್ಲಿ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಆರ್‌ಟಿಎಕ್ಸ್ 5060 ಮೇ ತಿಂಗಳಲ್ಲಿ, ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಜೂನ್‌ನಲ್ಲಿ ಮಾರುಕಟ್ಟೆಗೆ ಬಂದವು. ಇಂಟೆಲ್ ತನ್ನ ಆರ್ಕ್ ಬಿ580 ಅನ್ನು 2024ರ ಡಿಸೆಂಬರ್‌ನಲ್ಲಿಯೇ ಬಿಡುಗಡೆ ಮಾಡಿತ್ತು. ಗೇಮಿಂಗ್‌ಗೆಂದು ಹೊಸ ಕಂಪ್ಯೂಟರ್ ಜೋಡಿಸಿಕೊಳ್ಳುವ, ಆದರೆ ಕಾರ್ಡ್ ಒಂದಕ್ಕೇ ಲಕ್ಷ ರೂಪಾಯಿ ಸುರಿಯಲಾಗದ ಗ್ರಾಹಕರ ಮುಂದೆ ಮುಖ್ಯವಾಗಿ ಇರುವುದು ಈ ನಾಲ್ಕು ಹೆಸರುಗಳು. ಹೆಸರು ನಾಲ್ಕಾದರೂ ಕಾರ್ಡ್‌ಗಳು ಆರು, ಏಕೆಂದರೆ 5060 ಟಿಐ ಮತ್ತು 9060 ಎಕ್ಸ್‌ಟಿ ಎರಡೂ 8 ಜಿಬಿ ಮತ್ತು 16 ಜಿಬಿ ಎಂಬ ಎರಡೆರಡು ರೂಪಗಳಲ್ಲಿ ಒಂದೇ ಹೆಸರಿನಡಿ ಮಾರಾಟವಾಗುತ್ತಿವೆ. ಯಾವ ಕಂಪನಿಯ ಕಾರ್ಡ್ ಎಂಬ ಪ್ರಶ್ನೆಗಿಂತ ಎಷ್ಟು ಜಿಬಿಯ ಕಾರ್ಡ್ ಎಂಬ ಪ್ರಶ್ನೆಯೇ ಈ ವರ್ಗದಲ್ಲಿ ಮೊದಲು ಇತ್ಯರ್ಥವಾಗಬೇಕಾದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಆಟದ ದೃಶ್ಯಗಳಿಗೆ ಬೇಕಾದ ಟೆಕ್ಸ್ಚರ್‌ಗಳು (ವಸ್ತುಗಳ ಮೇಲ್ಮೈಯ ಚಿತ್ರಗಳು), ನೆರಳು-ಬೆಳಕಿನ ಲೆಕ್ಕಗಳು, ಕೃತಕ ಫ್ರೇಮ್‌ಗಳನ್ನು ಸೃಷ್ಟಿಸಲು ಬೇಕಾದ ಮಾಹಿತಿ ಇವೆಲ್ಲವೂ ಕಾರ್ಡ್‌ನ ಸ್ವಂತ ಮೆಮೊರಿಯಲ್ಲಿಯೇ ಇರಬೇಕು. ಅದು ತುಂಬಿದಾಗ ಉಳಿದದ್ದು ಮದರ್‌ಬೋರ್ಡ್‌ನ ಪಿಸಿಐ ಎಕ್ಸ್‌ಪ್ರೆಸ್ ಮಾರ್ಗವಾಗಿ ಕಂಪ್ಯೂಟರ್‌ನ ರ್‍ಯಾಮ್‌ಗೆ ಹರಿದು, ಅಲ್ಲಿಂದ ಮರಳಿ ಬರಬೇಕಾಗುತ್ತದೆ. ಆಗ ಸರಾಸರಿ ಫ್ರೇಮ್ ದರ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಚೆನ್ನಾಗಿಯೇ ಕಂಡರೂ ನಡುನಡುವೆ ಆಟ ತಡವರಿಸುತ್ತದೆ; ಕೆಲವು ಆಟಗಳಲ್ಲಂತೂ ಫ್ರೇಮ್ ದರ ಕುಸಿಯುವ ಬದಲು ಟೆಕ್ಸ್ಚರ್‌ಗಳೇ ಮಸುಕಾಗುವುದರಿಂದ ನಷ್ಟವು ಅಂಕಿಗಳ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಕಾರ್ಡ್‌ನ ಜೋಡಣೆಯೂ ಇಲ್ಲಿ ಮುಖ್ಯವಾಗುತ್ತದೆ. 5060 ಮತ್ತು 5060 ಟಿಐ ಆ ಮಾರ್ಗದ ಎಂಟು ಲೇನ್‌ಗಳಷ್ಟನ್ನೇ (ಪಥಗಳಷ್ಟನ್ನೇ) ಬಳಸಿದರೆ 9060 ಎಕ್ಸ್‌ಟಿ ಹದಿನಾರನ್ನೂ ಬಳಸುತ್ತದೆ. ಬಿ450 ಚಿಪ್‌ಸೆಟ್‌ನ ಬೋರ್ಡ್ ಅಥವಾ ಹತ್ತನೆಯ ತಲೆಮಾರಿನ ಇಂಟೆಲ್ ಪ್ರೊಸೆಸರ್ ಇರುವ, ಅಂದರೆ ಪಿಸಿಐ ಎಕ್ಸ್‌ಪ್ರೆಸ್ 3.0ರಲ್ಲೇ ನಿಂತಿರುವ ಹಳೆಯ ಕಂಪ್ಯೂಟರ್‌ಗೆ ಎಂಟು ಲೇನ್‌ಗಳ 8 ಜಿಬಿ ಕಾರ್ಡ್ ಹಾಕಿದರೆ ಮೆಮೊರಿಯೂ ಸಾಲದೆ, ಮಾರ್ಗವೂ ಕಿರಿದಾಗಿ ಎರಡು ಕಡೆಯಿಂದಲೂ ಪೆಟ್ಟು ಬೀಳುತ್ತದೆ. ನಮ್ಮಲ್ಲಿ ಕಾರ್ಡ್ ಮಾತ್ರ ಬದಲಿಸಿ ಉಳಿದದ್ದನ್ನು ಹಾಗೆಯೇ ಇಟ್ಟುಕೊಳ್ಳುವವರೇ ಹೆಚ್ಚಾಗಿರುವುದರಿಂದ ಇದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕಲಾಗದು.

ಅಮೆರಿಕದ ಬಿಡುಗಡೆಯ ಬೆಲೆಯಲ್ಲಿ 8 ಜಿಬಿಗೂ 16 ಜಿಬಿಗೂ ಇದ್ದ ಅಂತರ ಎರಡೂ ಕಂಪನಿಗಳಲ್ಲಿ 50 ಡಾಲರ್ ಮಾತ್ರ: 5060 ಟಿಐಗೆ 379 ಮತ್ತು 429, 9060 ಎಕ್ಸ್‌ಟಿಗೆ 299 ಮತ್ತು 349. ಅಷ್ಟು ಹಣ ಉಳಿಸಲು ಹೋಗಿ ಕಾರ್ಡ್‌ನ ಆಯುಷ್ಯವನ್ನೇ ಮೊಟಕುಗೊಳಿಸಿಕೊಳ್ಳುವುದು ಜಾಣತನವಲ್ಲ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2ರಂತಹ ಸ್ಪರ್ಧಾತ್ಮಕ ಆಟಗಳನ್ನಷ್ಟೇ 1080ಪಿ (1920x1080 ಚುಕ್ಕಿಗಳ) ಪರದೆಯಲ್ಲಿ ಆಡುವವರಿಗೆ 8 ಜಿಬಿ ಸಾಕು ಎಂಬುದನ್ನು ಒಪ್ಪಬಹುದು. ಆದರೆ ಅಂಥವರಿಗೆ 5060 ಟಿಐ ಏಕೆ, 299 ಡಾಲರ್‌ಗೆ ಬಿಡುಗಡೆಯಾದ 5060 ಸಾಕಲ್ಲವೇ? ಹೀಗಾಗಿ 5060 ಟಿಐನ 8 ಜಿಬಿ ರೂಪ ಯಾರನ್ನು ಉದ್ದೇಶಿಸಿ ತಯಾರಾಯಿತೋ ನನಗೆ ತಿಳಿಯದು.

ಇನ್ನು 16 ಜಿಬಿಯ ಎರಡು ಕಾರ್ಡ್‌ಗಳನ್ನು ಎದುರುಬದುರು ಇಟ್ಟು ನೋಡೋಣ. ಎರಡರಲ್ಲೂ ಮೆಮೊರಿ ಬಸ್‌ನ (ಚಿಪ್‌ಗೂ ಮೆಮೊರಿಗೂ ನಡುವಿನ ಮಾಹಿತಿಯ ಹಾದಿಯ) ಅಗಲ 128 ಬಿಟ್. ಎನ್‌ವಿಡಿಯಾ ಹೊಸ ಜಿಡಿಡಿಆರ್7 ಮೆಮೊರಿಯನ್ನು ಬಳಸಿ ಸೆಕೆಂಡಿಗೆ 448 ಜಿಬಿ ವೇಗವನ್ನು ಸಾಧಿಸಿದೆ. ಜಿಡಿಡಿಆರ್6ರಲ್ಲಿಯೇ ಉಳಿದ ಎಎಂಡಿಯದು 320 ಜಿಬಿ. ಕಾಗದದ ಮೇಲೆ ಇದು ದೊಡ್ಡ ಅಂತರವಾಗಿ ಕಂಡರೂ, ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕಹಾಕಿ ಚಿತ್ರ ಮೂಡಿಸುವ ವಿಧಾನ) ಇಲ್ಲದೆ, ಇನ್ನೂ ಹೆಚ್ಚು ಚುಕ್ಕಿಗಳ 1440ಪಿ ಪರದೆಯಲ್ಲಿ ನಡೆಸಿದ ಸ್ವತಂತ್ರ ಪರೀಕ್ಷೆಗಳಲ್ಲಿ 5060 ಟಿಐ ಸರಾಸರಿ ಶೇ 5ರ ಆಸುಪಾಸಿನಲ್ಲಷ್ಟೇ ಮುಂದಿದ್ದು, ಕೆಲವು ಆಟಗಳಲ್ಲಿ ಹಿಂದೆಯೂ ಬಿದ್ದಿದೆ. ಬೆಲೆಯ ವ್ಯತ್ಯಾಸವಾದರೋ ಬಿಡುಗಡೆಯ ದರದ ಲೆಕ್ಕದಲ್ಲಿ ಶೇ 23ರಷ್ಟು. ಶೇ 5ರ ವೇಗಕ್ಕೆ ಶೇ 23ರ ಹಣವೆಂದರೆ ವ್ಯಾಪಾರ ಸರಿಹೊಂದುವುದಿಲ್ಲ. 2025ರ ಕೊನೆಯ ತಿಂಗಳುಗಳಿಂದ ಮೆಮೊರಿ ಚಿಪ್‌ಗಳ ಬೆಲೆ ಏರಿದ ಕಾರಣ ಬಿಡುಗಡೆಯ ಬೆಲೆಗಳು ಅಂಗಡಿಯಲ್ಲಿ ಹಾಗೆಯೇ ಸಿಗುವ ಭರವಸೆ ಇಲ್ಲವಾದರೂ, ಈ ಅನುಪಾತವನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು: ಎರಡರ ನಡುವಿನ ಬೆಲೆಯ ಅಂತರ ಶೇ 10ಕ್ಕಿಂತ ಕಡಿಮೆಯಿದ್ದರೆ 5060 ಟಿಐ, ಅದಕ್ಕಿಂತ ಹೆಚ್ಚಿದ್ದರೆ 9060 ಎಕ್ಸ್‌ಟಿ.

ಶೇ 10ರವರೆಗೆ ಏಕೆ ಬಿಟ್ಟುಕೊಡಬೇಕೆಂದರೆ, ಎನ್‌ವಿಡಿಯಾದ ಪರವಾಗಿ ಹೇಳಬೇಕಾದ ಮಾತುಗಳೂ ಇವೆ. ರೇ ಟ್ರೇಸಿಂಗ್‌ನಲ್ಲಿ ಎಎಂಡಿ ಹಿಂದಿನ ತಲೆಮಾರಿಗಿಂತ ಬಹಳ ಸುಧಾರಿಸಿದ್ದರೂ, ಸೈಬರ್‌ಪಂಕ್ 2077ರಂತಹ ಆಟದಲ್ಲಿ ಬೆಳಕಿನ ಪರಿಣಾಮಗಳನ್ನೆಲ್ಲ ಮೇಲಕ್ಕೇರಿಸಿದಾಗ 5060 ಟಿಐನ ಮುನ್ನಡೆ ಸ್ಪಷ್ಟವಾಗಿ ಕಾಣುತ್ತದೆ. ಕಡಿಮೆ ರೆಸಲ್ಯೂಷನ್‌ನ ಚಿತ್ರವನ್ನು ಹಿಗ್ಗಿಸಿ ಸ್ಪಷ್ಟಗೊಳಿಸುವ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ತಂತ್ರವು ಎಎಂಡಿಯ ಅದೇ ಬಗೆಯ ಎಫ್‌ಎಸ್‌ಆರ್ 4ಕ್ಕಿಂತ ಹೆಚ್ಚು ಆಟಗಳಲ್ಲಿ ಲಭ್ಯವಿದೆ; ಚಿತ್ರದ ಗುಣಮಟ್ಟದಲ್ಲಿ ಮಾತ್ರ ಎಫ್‌ಎಸ್‌ಆರ್ 4 ಈಗ ನಾಚಿಕೊಳ್ಳಬೇಕಾಗಿಲ್ಲ. 3ಡಿ ಚಿತ್ರಗಳ ತಂತ್ರಾಂಶವಾದ ಬ್ಲೆಂಡರ್‌ನಲ್ಲಿ ರೆಂಡರ್ ಮಾಡುವವರು, ಎನ್‌ವಿಡಿಯಾದ ಲೆಕ್ಕಾಚಾರದ ವೇದಿಕೆಯಾದ ಕುಡಾ ಆಧರಿಸಿದ ತಂತ್ರಾಂಶಗಳಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗಳು ಈ ಲೆಕ್ಕಾಚಾರಕ್ಕೆ ತಲೆಕೆಡಿಸಿಕೊಳ್ಳದೆ 5060 ಟಿಐ 16 ಜಿಬಿಯನ್ನೇ ಕೊಳ್ಳುವುದು ಒಳ್ಳೆಯದು. ಒಂದು ನೈಜ ಫ್ರೇಮ್‌ಗೆ ಮೂರು ಕೃತಕ ಫ್ರೇಮ್‌ಗಳನ್ನು ಸೇರಿಸುವ ಮಲ್ಟಿ ಫ್ರೇಮ್ ಜನರೇಷನ್ ಬಗ್ಗೆ ಜಾಹೀರಾತುಗಳು ಹಾಕುವ ಗದ್ದಲಕ್ಕೆ ಮಾತ್ರ ಕಿವಿಗೊಡಬೇಕಾಗಿಲ್ಲ. ಮೂಲದಲ್ಲಿ ಸೆಕೆಂಡಿಗೆ 30 ಫ್ರೇಮ್ ಓಡುವ ಆಟ ಪರದೆಯ ಮೇಲೆ 120 ಎಂದು ತೋರಿಸಿದರೂ, ಮೌಸ್ ಅಲುಗಾಡಿಸಿದಾಗ ಕೈಗೆ ಸಿಗುವ ಸ್ಪಂದನೆ 30ರದ್ದೇ, ಕೆಲವೊಮ್ಮೆ ಅದಕ್ಕೂ ಕಡಿಮೆ. ಮೂಲ ದರವೇ 60 ದಾಟಿದಾಗ ಇದು ಚೆಂದದ ಸೌಲಭ್ಯ. ಕಾರ್ಡ್‌ನ ನಿಜವಾದ ಶಕ್ತಿಯನ್ನು ಅಳೆಯುವ ಮಾನದಂಡವಂತೂ ಅಲ್ಲ.

ಇಂಟೆಲ್‌ನ ಬಿ580 ಈ ಗುಂಪಿನಲ್ಲಿ ವಿಚಿತ್ರ ಸದಸ್ಯ. ಬಿಡುಗಡೆಯ ಬೆಲೆಯಾದ 249 ಡಾಲರ್‌ಗೆ 12 ಜಿಬಿ ಮೆಮೊರಿ, 192 ಬಿಟ್‌ನ ಬಸ್, ಸೆಕೆಂಡಿಗೆ 456 ಜಿಬಿ ವೇಗ: ಇಷ್ಟು ಕಡಿಮೆ ಬೆಲೆಗೆ ಇಷ್ಟನ್ನು ಉಳಿದಿಬ್ಬರು ಕೊಟ್ಟಿಲ್ಲ. 1440ಪಿಯಲ್ಲಿ ಅದು ಹಿಂದಿನ ತಲೆಮಾರಿನ ಆರ್‌ಟಿಎಕ್ಸ್ 4060 ಅನ್ನು ಸರಾಸರಿಯಲ್ಲಿ ಹಿಂದಿಕ್ಕುತ್ತದೆ. ಆದರೆ ಅದರ ಡ್ರೈವರ್ ತಂತ್ರಾಂಶ ಪ್ರೊಸೆಸರ್‌ನ ಮೇಲೆ ಹೇರುವ ಹೊರೆ ಹೆಚ್ಚು. ರೈಜನ್ 5 2600ರಂತಹ ಹಳೆಯ ಪ್ರೊಸೆಸರ್‌ಗಳೊಂದಿಗೆ ಅದು ತನ್ನ ಸಾಮರ್ಥ್ಯವನ್ನು ಬಹಳಷ್ಟು ಕಳೆದುಕೊಳ್ಳುವುದು 2025ರ ಆರಂಭದ ಪರೀಕ್ಷೆಗಳಲ್ಲಿಯೇ ಬಯಲಾಗಿತ್ತು. ಮದರ್‌ಬೋರ್ಡ್‌ನಲ್ಲಿ ರೀಸೈಜಬಲ್ ಬಾರ್ (ಕಾರ್ಡ್‌ನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಲೇ ತಲುಪಲು ಬಿಡುವ) ಸೌಲಭ್ಯ ಇಲ್ಲದಿದ್ದರೆ ಅದನ್ನು ಕೊಳ್ಳಲೇಬಾರದು. ಕಡಿಮೆ ಬೆಲೆಯ ಕಾರ್ಡ್‌ಗೆ ಹೊಸ ಪ್ರೊಸೆಸರ್ ಬೇಕೆಂಬ ಈ ಷರತ್ತಿನಿಂದಾಗಿ, ಹಳೆಯ ಯಂತ್ರವನ್ನು ಚುರುಕಾಗಿಸಲು ಹೊರಟ ಗ್ರಾಹಕನಿಗೇ ಅದು ಒಗ್ಗದಂತಾಗಿದೆ.

ವಿದ್ಯುತ್ತಿನ ವಿಷಯದಲ್ಲಿ 9060 ಎಕ್ಸ್‌ಟಿ 16 ಜಿಬಿಯದು 160 ವಾಟ್, 5060 ಟಿಐಯದು 180 ವಾಟ್. ದಿನಕ್ಕೆ ನಾಲ್ಕು ಗಂಟೆ ಆಡಿದರೂ ತಿಂಗಳಿಗೆ ಎರಡೂವರೆ ಯೂನಿಟ್‌ನಷ್ಟು ವ್ಯತ್ಯಾಸ ಬರುತ್ತದೆ, ಯೂನಿಟ್‌ಗೆ ಆರು ರೂಪಾಯಿಯಂತೆ ಹಿಡಿದರೆ ಹದಿನೈದು ರೂಪಾಯಿ. ದರ್ಶಿನಿಯ ಒಂದು ಕಾಫಿಗೂ ಸಾಲದ ಮೊತ್ತ. ಪವರ್ ಸಪ್ಲೈ ಮಾತ್ರ ಗಮನಿಸಬೇಕಾದದ್ದು: ಎಎಂಡಿ ಕನಿಷ್ಠ 450 ವಾಟ್‌ನದನ್ನು ಸೂಚಿಸಿದರೆ ಎನ್‌ವಿಡಿಯಾ 600 ವಾಟ್ ಕೇಳುತ್ತದೆ.

ಡಾಲರ್ ಬೆಲೆಯನ್ನು ರೂಪಾಯಿಗೆ ತಿರುಗಿಸಿ, ಶೇ 18ರ ಜಿಎಸ್‌ಟಿಯನ್ನೂ ಕೂಡಿಸಿದ ಮೇಲೆ ಬರುವ ಮೊತ್ತವನ್ನು ಮನಸ್ಸಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗುವುದು ಲೇಸು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕೊಳ್ಳುವಾಗ, ಸೀರಿಯಲ್ ನಂಬರ್ ನಮೂದಾದ ಜಿಎಸ್‌ಟಿ ಬಿಲ್ ಇಲ್ಲದೆ ಹಣ ಕೊಡಬಾರದು, ಏಕೆಂದರೆ ಮುಂದೆ ವಾರಂಟಿಯ ಮಾತು ಬಂದಾಗ ಕೇಳುವುದು ಅದನ್ನೇ. ಎರಡು ಫ್ಯಾನ್‌ನ ಸರಳ ಮಾದರಿಗೂ ಮೂರು ಫ್ಯಾನ್, ಬಣ್ಣದ ದೀಪಗಳ ಮಾದರಿಗೂ ಆಟದ ವೇಗದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲದ ಕಾರಣ, ದೀಪಕ್ಕೆ ಕೊಡುವ ಹಣವನ್ನು 8ರಿಂದ 16 ಜಿಬಿಗೆ ಏರಲು ಬಳಸಬಹುದು. ಪೆಟ್ಟಿಗೆಯ ಮೇಲಿನ ದೊಡ್ಡಕ್ಷರದ ಹೆಸರು ಎರಡೂ ರೂಪಗಳಿಗೆ ಒಂದೇ ಆಗಿರುವುದರಿಂದ, ಮೆಮೊರಿ ಎಷ್ಟೆಂದು ಪೆಟ್ಟಿಗೆಯಲ್ಲೂ ಬಿಲ್ಲಿನಲ್ಲೂ ಓದಿ ಖಚಿತಪಡಿಸಿಕೊಂಡ ನಂತರವೇ ಸೀಲ್ ಒಡೆಯುವುದು ಸರಿ.