ಮಡಿಕೇರಿಯ ಮನೆ, ಇಬ್ಬರು ಬ್ರೋಕರ್‌ಗಳು

2025ರ ಅಕ್ಟೋಬರ್‌ನಲ್ಲಿ ನಮ್ಮ ಮಡಿಕೇರಿ ಮನೆ ಮಾರಿದೆವು. ಆಮೇಲಿಂದ ಮೈಸೂರಿನ ಕುವೆಂಪುನಗರದ ನಮ್ಮ ಬೀದಿಯಲ್ಲೇ ಮೂರು ಜನ "ಯಾರ ಹತ್ರ ಮಾರಿಸಿದ್ರಿ?" ಅಂತ ಕೇಳಿದ್ದಾರೆ. ಕೊಡಗಿನಲ್ಲಿ ಅಪ್ಪ ಅಮ್ಮ ಕಟ್ಟಿದ ಮನೆ, ಮಕ್ಕಳೆಲ್ಲ ಮೈಸೂರು ಬೆಂಗಳೂರು. ಈ ಕಥೆ ನಮ್ಮೊಬ್ಬರದೇ ಅಲ್ಲ ಅಲ್ವಾ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಇಬ್ಬರ ಸೇವೆ ತಗೊಂಡೆ. ಮೊದಲನೆಯದು ಮೈಸೂರಿನ ಒಂದು ಏಜೆನ್ಸಿ. ಗಾಜಿನ ಬಾಗಿಲು, ಎ.ಸಿ., ಕಾಫಿ ಮೆಷಿನ್ನು ಎಲ್ಲ ಇರುವ ಆಫೀಸು. ಎರಡನೆಯವರು ಮಡಿಕೇರಿಯವರೇ, ಪುಟ್ಟ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಹಿರಿಯರು. ಇಬ್ಬರ ಹೆಸರೂ ಹಾಕುವುದಿಲ್ಲ. ಮೊದಲನೆಯವರ ಜೊತೆ ಜಗಳ ಇನ್ನೂ ಮುಗಿದಿಲ್ಲ. ಎರಡನೆಯವರು "ನನ್ನ ಹೆಸರು ಮೊಬೈಲಲ್ಲಿ ಹಾಕ್ಬೇಡಿ ಮೇಡಂ, ಬೆಂಗಳೂರಿಂದ ಫೋನ್ ಶುರುವಾಗುತ್ತೆ" ಅಂದಿದ್ದಾರೆ.

ಮೊದಲು ಮನೆಯ ವಿಷಯ. ಅಪ್ಪ ಅಂಚೆ ಕಚೇರಿಯಲ್ಲಿದ್ದರು. 1986ರಲ್ಲಿ ಒಂಬತ್ತು ಸೆಂಟು (ಸೆಂಟು ಅಂದರೆ ಎಕರೆಯ ನೂರರಲ್ಲಿ ಒಂದು ಪಾಲು) ಜಾಗ ತಗೊಂಡು, ಎರಡು ವರ್ಷದಲ್ಲಿ ಮಂಗಳೂರು ಹೆಂಚಿನ ಮನೆ ಕಟ್ಟಿಸಿದರು. ಮೈಸೂರಿನಲ್ಲಿ ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) ಸೈಟಾದರೆ ಮೂವತ್ತು ನಲವತ್ತು ಅಡಿ ಅಂದರೆ ಮಾತು ಮುಗೀತು. ಮಡಿಕೇರಿಯಲ್ಲಿ ಹಾಗಲ್ಲ. ನಮ್ಮ ಒಂಬತ್ತು ಸೆಂಟಿನಲ್ಲಿ ಆರು ಸೆಂಟು ಸಮ, ಹಿಂದಿನ ಮೂರು ಸೆಂಟು ಬರೆ. ಬರೆ ಅಂದರೆ ಕಡಿದಾದ ಮಣ್ಣಿನ ಇಳಿಜಾರು. ರಸ್ತೆಯಿಂದ ಮನೆಗೆ ಇಪ್ಪತ್ತೆರಡು ಮೆಟ್ಟಿಲು ಇಳಿಯಬೇಕು. ಕಾರು ಮೇಲೇ ನಿಲ್ಲಬೇಕು.

ಏಜೆನ್ಸಿಯ ಹುಡುಗ ಇದನ್ನೆಲ್ಲ ಕೇಳಲೇ ಇಲ್ಲ. ಒಂಬತ್ತು ಸೆಂಟು ಅಂದೆ, ಮೊಬೈಲ್ ಒತ್ತಿ 3,920 ಚದರ ಅಡಿ ಅಂದ. ಅಡಿಗೆ 2,800 ಅಂತ ಗುಣಿಸಿದ. ಒಂದು ಕೋಟಿ ಹತ್ತು ಲಕ್ಷ! ನನಗೂ ತಮ್ಮನಿಗೂ ತಲೆ ತಿರುಗಿತು. ಸುಳ್ಳು ಹೇಳಲ್ಲ, ಆ ದಿನ ಖುಷಿಯಾಗಿತ್ತು. ನಾನು ಗಣಿತದ ಟೀಚರ್, ಗುಣಾಕಾರ ಸರಿ ಇತ್ತು. 2,800 ಎಲ್ಲಿಂದ ಬಂತು ಅಂತ ಮಾತ್ರ ಕೇಳಲಿಲ್ಲ.

ಮಾರಾಟವಾದರೆ ಶೇ 2 ಕಮಿಷನ್. ಅದಲ್ಲದೆ ವಿಡಿಯೋಗೆ ಅಂತ 15 ಸಾವಿರ ಮುಂಗಡ. ವಿಡಿಯೋ ಚೆನ್ನಾಗಿಯೇ ಬಂತು. ಡ್ರೋನ್, ಪಿಟೀಲು, ಬೆಟ್ಟದಿಂದ ಇಳಿಯುವ ಮಂಜು. ಮೆಟ್ಟಿಲು ಮಾತ್ರ ಎಲ್ಲೂ ಇಲ್ಲ. ಅಮ್ಮನಿಗೆ ತೋರಿಸಿದೆ. ಮೂವತ್ತೈದು ವರ್ಷ ಅಲ್ಲಿ ಸಂಸಾರ ಮಾಡಿದವರು. ಮಳೆಗಾಲದಲ್ಲಿ ಅಗ್ಗಿಷ್ಟಿಕೆಯ ಮೇಲೆ ಬುಟ್ಟಿ ಕವುಚಿ ನಮ್ಮ ಯೂನಿಫಾರ್ಮ್ ಒಣಗಿಸಿದವರು. ಪೂರ್ತಿ ನೋಡಿ, "ಈ ಮಂಜಲ್ಲಿ ಒಂದು ಟವಲ್ ಒಣಗ್ಸೋಕೆ ನಾನು ಒದ್ದಾಡಿದೀನಿ, ಇವ್ರು ಮಂಜನ್ನೇ ಮಾರ್ತಾರಂತಾ?" ಅಂದರು.

ಏಳು ತಿಂಗಳಲ್ಲಿ ಹನ್ನೊಂದು ಪಾರ್ಟಿ ಬಂದರು. ಹೆಚ್ಚಿನವರು ಬೆಂಗಳೂರಿನವರು. ಶನಿವಾರ ರಾಜಾಸೀಟು, ಭಾನುವಾರ ಅಬ್ಬಿ ಜಲಪಾತ, ನಡುವೆ ನಮ್ಮ ಮನೆ. "ಹೋಂಸ್ಟೇ ಮಾಡಬಹುದಾ? ನಾಲ್ಕು ಕಾರು ನಿಲ್ಲುತ್ತಾ?" ಇಪ್ಪತ್ತೆರಡು ಮೆಟ್ಟಿಲು ನೋಡಿದ ಕೂಡಲೇ ಮುಖ ಬದಲಾಗುತ್ತಿತ್ತು. ಪ್ರತಿ ಸಲವೂ ಬಾಗಿಲು ತೆಗೆಯಲು ಹೋದವಳು ನಾನು. ಏಜೆನ್ಸಿಯವರಿಗೆ "ಆ ಕಡೆ ನಮ್ಮ ಸ್ಟಾಫ್ ಇಲ್ಲ ಮೇಡಂ". ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ, ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಸುಂಟಿಕೊಪ್ಪ ದಾಟಿ, ಸುಮಾರು 120 ಕಿಲೋಮೀಟರು. ಬಾಗಿಲು ತೆಗೆದು, ಹತ್ತು ನಿಮಿಷ ತೋರಿಸಿ, ವಾಪಸ್. ನನ್ನ ಸಿ.ಎಲ್. ಎಲ್ಲ ಹೋಂಸ್ಟೇ ಕನಸಿನವರ ಪಾಲಾಯಿತು.

ನನಗೆ ಜಾಸ್ತಿ ಬೇಸರ ತಂದಿದ್ದು ಬೇರೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಜಾರಿದ್ದು ಎಲ್ಲರಿಗೂ ನೆನಪಿದೆ. ಪೇಟೆಯೊಳಗೇ ಇಂದಿರಾನಗರ, ಚಾಮುಂಡೇಶ್ವರಿ ನಗರದಲ್ಲಿ ಮನೆಗಳು ಹೋದವು. ನಮ್ಮ ಕಡೆ ಅಂಥದ್ದೇನೂ ಆಗಲಿಲ್ಲ. ಆದರೆ ಹಿಂದಿನ ಬರೆ ಒಂದು ಲಾರಿಯಷ್ಟು ಕುಸಿದು ಬಚ್ಚಲುಮನೆ ಗೋಡೆಗೆ ತಾಗಿ ನಿಂತಿತ್ತು. ಮರುವರ್ಷ ಅಪ್ಪ ತಡೆಗೋಡೆ ಕಟ್ಟಿಸಿದರು. ಏಜೆನ್ಸಿಯವರು "ಆ ಟಾಪಿಕ್ ನೀವಾಗಿ ತೆಗೀಬೇಡಿ" ಅಂದರು. ನಾನೂ ತೆಗೆಯಲಿಲ್ಲ. ಆದರೆ ಬಂದವರೆಲ್ಲ ಕೇಳೇ ಕೇಳುತ್ತಿದ್ದರು. ನಾನು ತಡವರಿಸುತ್ತಿದ್ದೆ. ತಡವರಿಸುವ ಟೀಚರ್ ಹತ್ತಿರ ಯಾರು ಮನೆ ತಗೋತಾರೆ?

ಜೆರಾಕ್ಸ್ ಅಂಗಡಿಯವರು ಸಿಕ್ಕಿದ್ದು ಆಕಸ್ಮಿಕ. ಜುಲೈನಲ್ಲಿ ಕಂದಾಯ ರಸೀದಿಯ ನಕಲು ಮಾಡಿಸಲು ಹೋಗಿದ್ದೆ. ಕಾಗದ ಮೆಷಿನ್ನಿಗೆ ಹಾಕುವ ಮೊದಲು ಓದಿದರು. "ಪೋಸ್ಟ್ ಮಾಸ್ಟರ್ ಮನೇದಲ್ವಾ ಇದು? ನೀವು ಮಗಳಾ? ಒಂದು ಕೋಟಿ ಹೇಳ್ತಿದ್ದಾರಂತೆ, ಯಾರಮ್ಮಾ ಹಾಗೆ ಹೇಳ್ಕೊಟ್ಟೋರು?" ಊರಿಗೆಲ್ಲ ಗೊತ್ತಿತ್ತು. ನನಗೆ ನಾಚಿಕೆಯಾಯಿತು.

ಅವರು ಮನೆ ನೋಡಲು ಬಂದಿದ್ದು ಜೋರು ಮಳೆಯಲ್ಲಿ. ಕೈಯಲ್ಲಿ ಕೊಡೆ, ಒಂದು ಕೋಲು. ಒಳಗೆ ಬರಲೇ ಇಲ್ಲ, ಸೀದಾ ಹಿತ್ತಲಿಗೆ ಹೋದರು. ತಡೆಗೋಡೆಯಲ್ಲಿ ನೀರು ಬಿಡೋಕೆ ಅಂತ ಸಣ್ಣ ಪೈಪುಗಳನ್ನು ಇಟ್ಟಿರುತ್ತಾರಲ್ಲ, ಅದರಲ್ಲಿ ಎರಡು ಮಣ್ಣು ತುಂಬಿ ಕಟ್ಟಿಕೊಂಡಿದ್ದವು. ಕೋಲು ಹಾಕಿ ತಿವಿದರು. ಕೆಂಪು ನೀರು ಚಿಮ್ಮಿ ಅವರ ಪಂಚೆಯೆಲ್ಲ ಒದ್ದೆ. "ಇದು ಕಟ್ಕೊಂಡ್ರೆ ಹಿಂದೆ ನೀರು ನಿಲ್ಲುತ್ತೆ, ಗೋಡೆ ಹೊಟ್ಟೆ ಬಿಡುತ್ತೆ. ವರ್ಷಕ್ಕೆ ಒಂದ್ಸಲ ಮೇ ತಿಂಗಳಲ್ಲಿ ತೆಗೆಸ್ಬೇಕು" ಅಂದರು. ಆಮೇಲೆ ಗೋಡೆ ಕಟ್ಟಿದ ಮೇಸ್ತ್ರಿಯ ಬಿಲ್ಲು ಇದೆಯಾ ಅಂತ ಕೇಳಿದರು. ಅಪ್ಪ ಹಾಲಿನ ಲೆಕ್ಕ ಕೂಡ ಇಟ್ಟವರು, ಬಿಲ್ಲು ಇರದೆ ಇರುತ್ತಾ?

ಬೆಲೆ ಕಟ್ಟಿದ್ದು ಹೀಗೆ. ಸಮ ಜಾಗ ಆರು ಸೆಂಟು, ಸೆಂಟಿಗೆ ಹತ್ತು ಲಕ್ಷ. ಬರೆಗೆ ಸೊನ್ನೆ. "ಬರೆಗೆ ಬೆಲೆ ಇಲ್ಲ ಮೇಡಂ, ಖರ್ಚು ಇದೆ." ಮನೆಗೆ ಎಂಟು ಲಕ್ಷ, ಅದೂ ಮರಮುಟ್ಟಿಗೆ. ಒಟ್ಟು 68 ಲಕ್ಷ. ಪಕ್ಕದ ರಸ್ತೆಯಲ್ಲಿ 80ಕ್ಕೆ ಹೋಯಿತಂತಲ್ಲ ಅಂದೆ. "ಅದು ಅಣ್ಣ ತಮ್ಮನಿಗೆ ಕೊಟ್ಟಿದ್ದು, ಅದರಲ್ಲಿ ಅವರ ಹಳೇ ಸಾಲ ಸೇರಿದೆ, ಅದು ರೇಟಲ್ಲ." ಮೂರು ವರ್ಷದಲ್ಲಿ ನಮ್ಮ ಸುತ್ತಮುತ್ತ ಮಾರಾಟವಾದ ಮನೆಗಳೇ ಎರಡು. ಅದರಲ್ಲಿ ಒಂದು ಹೀಗೆ. ಇಂಥ ಕಡೆ ಮೊಬೈಲ್ ನೋಡಿ ಮಾರ್ಕೆಟ್ ರೇಟು ಅನ್ನುವುದಕ್ಕೆ ಅರ್ಥವೇ ಇಲ್ಲ. ಯಾವ ಮನೆ ಯಾಕೆ ಅಷ್ಟಕ್ಕೆ ಹೋಯಿತು ಅಂತ ಗೊತ್ತಿರುವವರು ಬೇಕು.

ಏಜೆನ್ಸಿಯವರ ಗೋಡೆಯ ಮೇಲೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸರ್ಟಿಫಿಕೇಟು ದೊಡ್ಡದಾಗಿತ್ತು, ನಾನು ಅದನ್ನು ನೋಡಿಯೇ ನಂಬಿದ್ದು. ಆ ನೋಂದಣಿ ರೇರಾದಲ್ಲಿ ದಾಖಲಾದ ಹೊಸ ಲೇಔಟು, ಅಪಾರ್ಟ್‌ಮೆಂಟ್ ಮಾರುವ ಏಜೆಂಟರಿಗೆ. ನಲವತ್ತು ವರ್ಷದ ಹೆಂಚಿನ ಮನೆಗೂ ಅದಕ್ಕೂ ಸಂಬಂಧವಿಲ್ಲ. ನನಗೆ ಆಮೇಲೆ ಗೊತ್ತಾಯಿತು.

ಕಾಗದಪತ್ರ. ಅಪ್ಪ 2021ರಲ್ಲಿ ಹೋದರು, ವಿಲ್ ಬರೆದಿರಲಿಲ್ಲ. ಹಾಗಾಗಿ ಅಮ್ಮ, ನಾನು, ತಮ್ಮ ಮೂವರಿಗೂ ಸಮ ಪಾಲು, ಮೂವರ ಸಹಿಯೂ ಬೇಕು. ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇತ್ತು. ಏಳು ತಿಂಗಳಲ್ಲಿ ಏಜೆನ್ಸಿ ಈ ಬಗ್ಗೆ ಒಂದು ಮಾತು ಕೇಳಿರಲಿಲ್ಲ. ಜೆರಾಕ್ಸ್ ಅಂಗಡಿಯವರು ಮೊದಲ ದಿನವೇ ವಂಶವೃಕ್ಷ, ಮರಣ ಪತ್ರ, ಕಂದಾಯ ರಸೀದಿ ಅಂತ ಒಂದು ಚೀಟಿ ಬರೆದು ಕೊಟ್ಟರು. ಈಗ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ, ಇದು ಮೊದಲು ಮುಗಿಸಿಕೊಳ್ಳಿ. ಇ.ಸಿ.ಯನ್ನು (ಆಸ್ತಿಯ ಮೇಲೆ ಸಾಲ, ಋಣ ಇದೆಯಾ ಅಂತ ಹೇಳುವ ಪತ್ರ) 2004ರಿಂದ ಈಚೆಗೆ ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಮನೆಯಲ್ಲೇ ಕೂತು ತೆಗೆಯಬಹುದು, ಅದಕ್ಕೂ ಹಿಂದಿನದಕ್ಕೆ ಕಚೇರಿಗೆ ಅರ್ಜಿ ಹಾಕಬೇಕು. ಕ್ರಯಪತ್ರದಲ್ಲಿ ಅಪ್ಪನ ಇನಿಶಿಯಲ್ ಎರಡು, ಬೇರೆ ಕಡೆಯೆಲ್ಲ ಒಂದೇ. ಅದಕ್ಕೊಂದು ಅಫಿಡವಿಟ್. ತಪ್ಪು ನಮ್ಮದೇ, ಬದುಕಿದ್ದಾಗಲೇ ಸರಿ ಮಾಡಿಸಬೇಕಿತ್ತು. ನಮ್ಮದು ಪೇಟೆಯ ಜಾಗ, ಇಷ್ಟಕ್ಕೇ ಮುಗೀತು. ಊರ ಹೊರಗೆ ಜಮ್ಮಾ ಬಾಣೆ (ಕೊಡಗಿನಲ್ಲಿ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು) ತಗೊಳ್ಳುವವರು ಪಹಣಿಯಲ್ಲಿ ಒಕ್ಕದ, ಅಂದರೆ ಆ ಮನೆತನದ, ಎಷ್ಟು ಜನರ ಹೆಸರಿದೆ ಅಂತ ನೋಡದೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ.

ಅವರು ಕರೆತಂದಿದ್ದು ಒಂದೇ ಪಾರ್ಟಿ. ಸುಂಟಿಕೊಪ್ಪ ಕಡೆಯ ತೋಟವೊಂದರಲ್ಲಿ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಆಗಿದ್ದವರು, ಗಂಡ ಹೆಂಡತಿ. ಆಗಸ್ಟ್ ಮೊದಲ ವಾರ, ಮಳೆ ಸುರಿಯುತ್ತಲೇ ಇತ್ತು. "ಬಿಸಿಲಲ್ಲಿ ತೋರಿಸಿದ್ರೆ ಮಳೇಲಿ ವಾಪಸ್ ಹೋಗ್ತಾರೆ. ಮಳೇಲಿ ಒಪ್ಪಿದವರು ಓಡೋದಿಲ್ಲ" ಅಂತ ಇವರ ಲೆಕ್ಕ. ರೈಟರು ಕಿಟಕಿಯ ಕಡೆ ತಿರುಗಿಯೂ ನೋಡಲಿಲ್ಲ. ಚರಂಡಿ ಎಲ್ಲಿಗೆ ಹೋಗುತ್ತೆ, ಹೆಂಚು ಎಷ್ಟು ಒಡೆದಿದೆ, ಬೇಸಿಗೆಯಲ್ಲಿ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಇಷ್ಟೇ ಕೇಳಿದ್ದು. ಅವರು ಬಾಯಿ ಬಿಡುವ ಮೊದಲೇ ಬ್ರೋಕರ್ ಬರೆ ಕುಸಿದ ಕಥೆ ಹೇಳಿ, ಮೇಸ್ತ್ರಿ ಬಿಲ್ಲು ಕೈಗಿಟ್ಟರು. ರೈಟರ ಹೆಂಡತಿ ಅಡುಗೆಮನೆಯಲ್ಲಿ ಅಮ್ಮನ ಅಗ್ಗಿಷ್ಟಿಕೆ ನೋಡಿ "ಇದು ಬಿಟ್ಟು ಹೋಗ್ತೀರಾ?" ಅಂದರು. ಅಲ್ಲೇ ನನಗೆ ಮನೆ ಮಾರಾಟವಾಯಿತು ಅನ್ನಿಸಿತು. 66 ಲಕ್ಷಕ್ಕೆ ಒಪ್ಪಂದ. ಆ ವಾರವೇ ಕರಾರು, ಐದು ಲಕ್ಷ ಮುಂಗಡ.

ಆಮೇಲೆ ಒಂದು ತಕರಾರು ಬಂತು. ಆಗಸ್ಟ್ 31ರಿಂದ ಸರ್ಕಾರ ನೋಂದಣಿ ಶುಲ್ಕ ಶೇ 1 ಇದ್ದಿದ್ದನ್ನು ಶೇ 2 ಮಾಡಿತು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ಸು ಸರ್ಚಾರ್ಜು ಸೇರಿ ಪೇಟೆಯಲ್ಲಿ 5.6. ನೋಂದಣಿ ಶುಲ್ಕ ಎರಡು. ಒಟ್ಟು ಶೇ 7.6. ರೈಟರಿಗೆ ಒಮ್ಮೆಗೇ 66 ಸಾವಿರ ಜಾಸ್ತಿ. "ನಿಮ್ಮ ಖಾತೆ ತಡವಾಗಿದ್ದಕ್ಕೇ ಇದು, ನೀವೇ ಬಿಟ್ಟುಕೊಡಿ" ಅಂದರು. ಮಾತಿನಲ್ಲಿ ನ್ಯಾಯ ಇತ್ತು, ತಮ್ಮ ಮಾತ್ರ ಒಪ್ಪಲಿಲ್ಲ. ಎರಡು ವಾರ ಫೋನಲ್ಲಿ ಎಳೆದಾಟ. ಕೊನೆಗೆ ಬ್ರೋಕರ್ ಇಬ್ಬರನ್ನೂ ಜೆರಾಕ್ಸ್ ಅಂಗಡಿಯಲ್ಲಿ ಕೂರಿಸಿ, ನಾವು 33 ಸಾವಿರ ಬಿಡುವುದು, ಅವರು 33 ಸಾವಿರ ಹಾಕುವುದು ಅಂತ ಮಾಡಿದರು. ಒಂದು ಬೆಂಚು, ಮೂರು ಟೀ. ಅವರಿಗೆ ಕೊಟ್ಟ ಕಮಿಷನ್ನು ನನ್ನ ಪ್ರಕಾರ ಆ ಅರ್ಧ ಗಂಟೆಗೇ ಸಂದಾಯವಾಯಿತು.

ಅವರ ಕಮಿಷನ್ ಶೇ 1, ಅಂದರೆ ಅದೂ 66 ಸಾವಿರ. ಐವತ್ತು ಲಕ್ಷ ದಾಟಿದ್ದಕ್ಕೆ ಕೊಂಡವರು ಹಿಡಿದ ಟಿಡಿಎಸ್ (ಕೊಡುವ ಹಣದಲ್ಲೇ ಮುರಿದುಕೊಂಡು ಕಟ್ಟುವ ಆದಾಯ ತೆರಿಗೆ) ಕೂಡ ಶೇ 1, ಮತ್ತೆ 66 ಸಾವಿರ! ಪಾಲು ಮಾಡಿದರೆ ಒಬ್ಬೊಬ್ಬರಿಗೆ 22 ಲಕ್ಷವೇ, ಟಿಡಿಎಸ್ ಬರಲ್ಲ ಅಂತ ತಮ್ಮ ವಾದ ಮಾಡಿದ್ದ. ಹಾಗಲ್ಲ, ಒಟ್ಟು ಬೆಲೆಯನ್ನೇ ನೋಡುತ್ತಾರೆ. ಮೂವರ ಪ್ಯಾನ್‌ಗೂ ಬೇರೆ ಬೇರೆ ಕಟ್ಟಿಸಿಕೊಳ್ಳಿ, ಇಲ್ಲದಿದ್ದರೆ ರಿಟರ್ನ್ಸ್ ಹೊತ್ತಿಗೆ ಪರದಾಟ.

ಇವರದ್ದೂ ಎಲ್ಲ ಚೆನ್ನ ಅಂತಲ್ಲ. ಕಮಿಷನ್ನಿಗೆ ರಸೀದಿ ಕೇಳಿದ್ದಕ್ಕೆ ನಕ್ಕರು. ಕೊನೆಗೆ ಬ್ಯಾಂಕಿಗೇ ಹಾಕಿದೆ, ಅದಕ್ಕೆ ಮುಖ ಸ್ವಲ್ಪ ಸಣ್ಣಗಾಯಿತು. ಮಡಿಕೇರಿ ದಸರಾ ಹೊತ್ತಿಗೆ ಹತ್ತು ದಿನ ಫೋನ್ ಎತ್ತಲಿಲ್ಲ, ದಸರಾ ಮೆರವಣಿಗೆಯ ದಶಮಂಟಪದ ಓಡಾಟವಂತೆ. ಎರಡೂ ಕಡೆಯಿಂದ ಶೇ 1 ತಗೋತಾರೆ, ಅಂದರೆ ಯಾರ ಕಡೆಯವರು? 66 ಲಕ್ಷಕ್ಕೆ ನಾವು ಇಳಿಯುತ್ತೇವೆ ಅಂತ ರೈಟರಿಗೆ ಮೊದಲೇ ಗೊತ್ತಿತ್ತು ಅನ್ನೋ ಅನುಮಾನ ನನಗೆ ಈಗಲೂ ಇದೆ. ನಮ್ಮ ವ್ಯಾಪಾರದ ಒಂದೊಂದು ವಿವರವೂ ಬೇಕರಿಯವರಿಗೆ, ಮೆಡಿಕಲ್ ಶಾಪಿನವರಿಗೆ ಗೊತ್ತು. ಗುಟ್ಟಾಗಿ ಮಾರಬೇಕು ಅನ್ನುವವರಿಗೆ ಇವರು ಆಗಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಏಜೆನ್ಸಿಗೆ ಒಂದು, ಅದೂ ಪಿಟೀಲಿಗೆ.

ನೋಂದಣಿ ಆದ ದಿನ ಅಮ್ಮ ಅಗ್ಗಿಷ್ಟಿಕೆಯನ್ನು ರೈಟರ ಹೆಂಡತಿಗೆ ಕೊಟ್ಟರು, ಬುಟ್ಟಿ ಮಾತ್ರ ಕೊಡಲಿಲ್ಲ. ಈಗ ಅದು ಕುವೆಂಪುನಗರದ ನಮ್ಮ ಮನೆಯಲ್ಲಿ ಈರುಳ್ಳಿ ತುಂಬಿಕೊಂಡಿದೆ. ಏಜೆನ್ಸಿಯವರಿಗೆ ಮನೆ ಮಾರಾಟವಾಗಿದೆ, ವಿಡಿಯೋ ತೆಗೆಯಿರಿ, ಆಗದಿದ್ದರೆ 15 ಸಾವಿರದಲ್ಲಿ ಅರ್ಧವಾದರೂ ವಾಪಸ್ ಕೊಡಿ ಅಂತ ಎರಡು ಸಲ ಬರೆದೆ. ಉತ್ತರ ಇಲ್ಲ. ನಿನ್ನೆ ನೋಡಿದೆ, ವಿಡಿಯೋ ಹಾಗೇ ಇದೆ. ಬೆಲೆ ಈಗ ಒಂದು ಕೋಟಿ ಇಪ್ಪತ್ತು ಲಕ್ಷ.