ಇಂಟರ್ನ್‌ಶಿಪ್ ಒಪ್ಪುವ ಮುನ್ನ ಕೇಳಿ: ನಿಮ್ಮ ಕೋಡನ್ನು ಓದುವವರು ಯಾರು?

ಕಂಪ್ಯೂಟರ್ ಸೈನ್ಸ್ ಪದವಿಯ ಕೊನೆಯ ವರ್ಷದಲ್ಲಿ ನಾನು ಆರು ತಿಂಗಳ ಇಂಟರ್ನ್‌ಶಿಪ್‌ಗಾಗಿ ಒಂದು ಸಣ್ಣ ಸಾಫ್ಟ್‌ವೇರ್ ಸಂಸ್ಥೆಯನ್ನು ಸೇರಿದೆ. ಸಂದರ್ಶನದಲ್ಲಿ "ಮೊದಲ ವಾರದಿಂದಲೇ ನಿಜವಾದ ಕೆಲಸ ಕೊಡುತ್ತೇವೆ" ಎಂದಾಗ ಹಿಗ್ಗಿದೆನೇ ಹೊರತು, ಆ ಕೆಲಸವನ್ನು ನೋಡಿ ತಿದ್ದುವವರು ಯಾರು ಎಂದು ಕೇಳಲು ನನಗೆ ಹೊಳೆಯಲಿಲ್ಲ.

ಆಫರ್ ಲೆಟರಿನಲ್ಲಿ ಮೆಂಟರ್ ಎಂದು ಒಬ್ಬರ ಹೆಸರಿತ್ತು. ಅವರು ಬೇರೊಂದು ಪ್ರಾಜೆಕ್ಟಿನಲ್ಲಿ ಮುಳುಗಿದ್ದರು. ನನ್ನ ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಎರಡು ದಿನ ಕಳೆದಿರುತ್ತಿತ್ತು. ನಾನು ಬರೆದ ಕೋಡ್ ನೇರವಾಗಿ ಮೇನ್ ಬ್ರಾಂಚಿಗೆ, ಅಂದರೆ ತಂತ್ರಾಂಶದ ಮುಖ್ಯ ಪ್ರತಿಗೆ, ಸೇರಿ ಸಂಜೆಯೊಳಗೆ ಗ್ರಾಹಕರ ಮುಂದಿರುತ್ತಿತ್ತು. ಒಂದು ತಿಂಗಳಲ್ಲಿ ಅದರ ಒಂದು ಸಾಲಿನ ಬಗ್ಗೆಯೂ ಯಾರೂ ಆಕ್ಷೇಪ ಎತ್ತಲಿಲ್ಲ. ಅದನ್ನು ನಾನು ನಂಬಿಕೆ ಎಂದುಕೊಂಡಿದ್ದೆ. ಅಸಲಿಗೆ ಯಾರೂ ಓದುತ್ತಲೇ ಇರಲಿಲ್ಲ.

ಐದನೆಯ ವಾರದಲ್ಲಿ ಒಬ್ಬ ಗ್ರಾಹಕರ ವಿಳಾಸ ಬದಲಿಸಬೇಕಾಯಿತು. ಅದಕ್ಕೆ ತಂತ್ರಾಂಶದಲ್ಲಿ ಪುಟವೇ ಇರಲಿಲ್ಲವಾದ್ದರಿಂದ, ಪ್ರೊಡಕ್ಷನ್ ಡೇಟಾಬೇಸಿನ (ಗ್ರಾಹಕರ ಅಸಲಿ ಮಾಹಿತಿ ಇರುವ ಜಾಗ) ರೂಟ್ ಪಾಸ್‌ವರ್ಡನ್ನು, ಅಂದರೆ ಏನನ್ನು ಬೇಕಾದರೂ ಬದಲಿಸಬಲ್ಲ ಕೀಲಿಯನ್ನು, ಚಾಟಿನಲ್ಲಿ ಕಳುಹಿಸಿ "ನೀನೇ ಬದಲಿಸಿಬಿಡು" ಎಂದರು. ಮೊದಲು ಸ್ಟೇಜಿಂಗ್‌ನಲ್ಲಿ (ಪರೀಕ್ಷೆಗೆಂದೇ ಇಡುವ ನಕಲು ವ್ಯವಸ್ಥೆ) ಮಾಡಿ ನೋಡಲೇ ಎಂದು ಕೇಳಿದ್ದಕ್ಕೆ ನಮ್ಮಲ್ಲಿ ಅಂಥದ್ದಿಲ್ಲ ಎಂಬ ಉತ್ತರ ಬಂತು. ಟರ್ಮಿನಲ್‌ನಲ್ಲಿ ಅಪ್‌ಡೇಟ್ ಆದೇಶದ ಮೊದಲ ಸಾಲು ಬರೆದು, ಎರಡನೆಯ ಸಾಲಿನಲ್ಲಿ ಯಾವ ಗ್ರಾಹಕರದ್ದು ಬದಲಾಗಬೇಕೆಂದು ಹೇಳುವ ವೇರ್ ಷರತ್ತು ಹಾಕುವವನಿದ್ದೆ. ಅಭ್ಯಾಸಬಲದಿಂದ ಮೊದಲ ಸಾಲಿನ ಕೊನೆಗೇ, ಆದೇಶ ಮುಗಿಯಿತೆಂದು ಸೂಚಿಸುವ ಸೆಮಿಕೋಲನ್ ಬಿತ್ತು, ಹಿಂದೆಯೇ ಎಂಟರ್ ಕೂಡ. "ಕ್ವೆರಿ ಓಕೆ, 11842 ರೋಸ್ ಅಫೆಕ್ಟೆಡ್" ಎಂದು ಪರದೆ ತಣ್ಣಗೆ ಹೇಳಿತು. ಬದಲಾದ ಸಾಲುಗಳ ಆ ಸಂಖ್ಯೆ 1 ಇರಬೇಕಿತ್ತು. ಎಲ್ಲ ಗ್ರಾಹಕರೂ ಒಂದೇ ಮನೆಯಲ್ಲಿ ವಾಸಿಸತೊಡಗಿದ್ದರು. ನಮ್ಮ ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯೂಎಲ್‌ನಲ್ಲಿ, ಪ್ರತಿ ಬದಲಾವಣೆಯನ್ನೂ ಕೂಡಲೇ ಕಾಯಂ ಮಾಡುವ ಆಟೋಕಮಿಟ್ ಮೊದಲಿನಿಂದಲೇ ಚಾಲೂ ಇರುವುದರಿಂದ, ರದ್ದುಮಾಡಲು ರೋಲ್‌ಬ್ಯಾಕ್ ಎಂದು ಬರೆದರೂ ಏನೂ ಹಿಂದಿರುಗಲಿಲ್ಲ.

ತಪ್ಪು ನನ್ನದೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಇಂಥ ಕೈತಪ್ಪು ಎಷ್ಟು ಸಾಮಾನ್ಯವೆಂದರೆ, ವೇರ್ ಇಲ್ಲದ ಅಪ್‌ಡೇಟನ್ನು ತಡೆಯಲೆಂದೇ ಮೈಎಸ್‌ಕ್ಯೂಎಲ್‌ನಲ್ಲಿ ಸೇಫ್-ಅಪ್‌ಡೇಟ್ಸ್ ಎಂಬ ಆಯ್ಕೆ ಇದೆ. ಅದಕ್ಕೆ 'ನಾನು ಪೆದ್ದ' ಎಂಬರ್ಥದ ಇನ್ನೊಂದು ಹೆಸರನ್ನೂ ತಯಾರಕರೇ ಇಟ್ಟಿದ್ದಾರೆ. ಅದನ್ನು ಯಾರೂ ನನಗೆ ಹೇಳಿರಲಿಲ್ಲ. ಬ್ಯಾಕಪ್ ಇದೆಯಲ್ಲ ಎಂದು ಫೋಲ್ಡರ್ ತೆರೆದರೆ, ದಿನಕ್ಕೊಂದರಂತೆ ಕಡತಗಳು ಸಾಲಾಗಿ ನಿಂತಿದ್ದವು, ಪ್ರತಿಯೊಂದರ ಗಾತ್ರವೂ 0. ಬ್ಯಾಕಪ್ ಇಡುವ ಡಿಸ್ಕ್ ಎಂದೋ ತುಂಬಿಹೋಗಿತ್ತು. ಸ್ಕ್ರಿಪ್ಟ್ ಮಾತ್ರ ನಿಷ್ಠೆಯಿಂದ ಪ್ರತಿರಾತ್ರಿ ಖಾಲಿ ಕಡತ ಸೃಷ್ಟಿಸುತ್ತಿತ್ತು. ಕೊನೆಗೆ ಒಬ್ಬ ಡೆವಲಪರ್‌ನ ಲ್ಯಾಪ್‌ಟಾಪಿನಲ್ಲಿ ಸಿಕ್ಕ ಮೂರು ತಿಂಗಳ ಹಳೆಯ ಪ್ರತಿಯಿಂದ ಆದಷ್ಟನ್ನು ಸರಿಪಡಿಸಿದರು. ಗ್ರಾಹಕರ ಮಾಹಿತಿ ಅಲ್ಲಿಗೆ ಹೋದದ್ದಾದರೂ ಹೇಗೆ ಎಂದು ಯಾರೂ ಕೇಳಲಿಲ್ಲ.

ಮರುದಿನ ಗೂಬೆ ಕೂರಿಸಿದ್ದು ನನ್ನ ತಲೆಯ ಮೇಲೆ. "ವಿದ್ಯಾರ್ಥಿಯ ಬೇಜವಾಬ್ದಾರಿಯಿಂದ ನಷ್ಟವಾಗಿದೆ" ಎಂದು ಕಾಲೇಜಿಗೆ ಪತ್ರ ಹೋಯಿತು, ಅನುಭವ ಪ್ರಮಾಣಪತ್ರವನ್ನು ತಡೆಹಿಡಿದರು. ವರ್ಷ ಹಾಳಾಗದೆ ಉಳಿದದ್ದು ಕಾಲೇಜಿನವರು ಕಡ್ಡಾಯ ಮಾಡಿದ್ದ ವಾರದ ದಿನಚರಿಯಿಂದ. ನಾನು ಗೊಣಗುತ್ತಲೇ ಬರೆಯುತ್ತಿದ್ದ ಪುಸ್ತಕವದು. ಮೆಂಟರ್ ಸಿಗದ ದಿನಗಳು, ಸ್ಟೇಜಿಂಗ್ ಕೇಳಿದಾಗ ಬಂದ ಉತ್ತರ, ಎಲ್ಲವೂ ತಾರೀಖಿನ ಸಮೇತ ಅದರಲ್ಲಿದ್ದವು.

ಆದ್ದರಿಂದ ಸೇರುವ ಮುನ್ನವೇ, ಕೋಡ್ ರಿವ್ಯೂ ಮಾಡುವವರು ಯಾರು, ಅವರು ನಿಮಗಾಗಿ ವಾರಕ್ಕೆ ಎಷ್ಟು ಹೊತ್ತು ಕೊಡಬಲ್ಲರು ಎಂದು ಕೇಳಿ. "ನಮ್ಮಲ್ಲಿ ಎಲ್ಲರೂ ಎಲ್ಲವನ್ನೂ ನೋಡುತ್ತಾರೆ" ಎಂಬ ಉತ್ತರ ಬಂದರೆ ಯಾರೂ ನೋಡುವುದಿಲ್ಲ ಎಂದು ತಿಳಿಯಿರಿ. ಪ್ರೊಡಕ್ಷನ್ ಪಾಸ್‌ವರ್ಡ್ ಕೊಡಬಂದರೆ, ಓದುವ ಅನುಮತಿಯಷ್ಟೇ ಇರುವ ಖಾತೆ ಸಾಕೆಂದು ಇ-ಮೇಲ್‌ನಲ್ಲೇ ಬರೆಯಿರಿ, ಬಾಯಿಮಾತಿನಲ್ಲಿ ಬೇಡ. ಬದಲಾಯಿಸಲೇಬೇಕಾಗಿ ಬಂದರೆ ಮೊದಲು ಅದೇ ಷರತ್ತಿನಿಂದ ಸೆಲೆಕ್ಟ್ (ಏನನ್ನೂ ಬದಲಿಸದೆ ಬರೀ ಓದುವ ಆದೇಶ) ಓಡಿಸಿ ಎಷ್ಟು ಸಾಲು ಬರುತ್ತವೆಂದು ನೋಡಿ, ಕಾಯಂ ಮಾಡುವ ಮುನ್ನ ರದ್ದುಮಾಡಲು ಬರುವಂತೆ ಟ್ರಾನ್ಸಾಕ್ಷನ್ ತೆರೆದೇ ಮುಂದುವರಿಯಿರಿ.

ನನ್ನ ಜೂನಿಯರ್ ಒಬ್ಬರು ಕಳೆದ ವಾರ ಅದೇ ಸಂಸ್ಥೆಗೆ ಸೇರಿದ್ದಾರೆ. ಮೊದಲ ದಿನವೇ ಚಾಟಿನಲ್ಲಿ ಅವರಿಗೆ ಬಂದ ರೂಟ್ ಪಾಸ್‌ವರ್ಡ್, ಅಂದು ನನಗೆ ಕೊಟ್ಟಿದ್ದೇ.