‘ಲೀಲಾವತೀಸ್ ಡಾಟರ್ಸ್’: ಹಾಸನದ ವಿದ್ಯಾರ್ಥಿನಿಯರೊಡನೆ ಓದಿದ ಒಂದು ಪುಸ್ತಕ

ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 2008ರಲ್ಲಿ ಪ್ರಕಟಿಸಿದ ‘ಲೀಲಾವತೀಸ್ ಡಾಟರ್ಸ್’ ಎಂಬ ಇಂಗ್ಲಿಷ್ ಪುಸ್ತಕವನ್ನು ನಾನು ಎರಡು ಬಾರಿ ಓದಿದ್ದೇನೆ. ಮೊದಲ ಸಲ ಓದಿದಾಗ, ಮಗು ಹುಟ್ಟಿದ ಮೇಲೆ ನಿಂತುಹೋಗಿದ್ದ ನನ್ನ ಸಂಶೋಧನೆಯನ್ನು ಮತ್ತೆ ಕೈಗೆತ್ತಿಕೊಳ್ಳಬೇಕೋ ಬೇಡವೋ ಎಂಬ ತೊಳಲಾಟದಲ್ಲಿದ್ದೆ. ಎರಡನೆಯ ಸಲ, ಹಾಸನದ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಉಪನ್ಯಾಸಕಿಯಾಗಿ, ದ್ವಿತೀಯ ಪಿಯುಸಿಯ ಹತ್ತು ಹನ್ನೆರಡು ವಿದ್ಯಾರ್ಥಿನಿಯರನ್ನು ಕೂರಿಸಿಕೊಂಡು, ಶನಿವಾರದ ಮಧ್ಯಾಹ್ನಗಳಲ್ಲಿ ಗಟ್ಟಿಯಾಗಿ ಓದಿ ಕನ್ನಡದಲ್ಲಿ ವಿವರಿಸುತ್ತಾ ಹೋದೆ. ಈ ವಿಮರ್ಶೆ ಮುಖ್ಯವಾಗಿ ಆ ಎರಡನೆಯ ಓದಿನದು.

ರೋಹಿಣಿ ಗೋಡಬೋಲೆ ಮತ್ತು ರಾಮ್ ರಾಮಸ್ವಾಮಿ ಸಂಪಾದಿಸಿದ ಈ ಸಂಪುಟದಲ್ಲಿ ಸುಮಾರು ನೂರು ಮಂದಿ ಭಾರತೀಯ ಮಹಿಳಾ ವಿಜ್ಞಾನಿಗಳ ವೃತ್ತಿಜೀವನದ ಕಥನಗಳಿವೆ. ಗತಿಸಿದ ಹಿರಿಯರ ಬಗ್ಗೆ ಬೇರೆಯವರು ಬರೆದಿದ್ದಾರೆ. ಉಳಿದ ಬಹುಪಾಲು ಲೇಖಕಿಯರು ತಾವು ವಿಜ್ಞಾನಕ್ಕೆ ಹೇಗೆ ಬಂದೆವು, ಅಲ್ಲಿ ಉಳಿಯುವಂತೆ ಮಾಡಿದ್ದೇನು ಎಂಬುದನ್ನು ಕೆಲವೇ ಪುಟಗಳಲ್ಲಿ ತಾವೇ ಹೇಳಿಕೊಂಡಿದ್ದಾರೆ. ಭಾಸ್ಕರಾಚಾರ್ಯರು ಗಣಿತದ ಸಮಸ್ಯೆಗಳನ್ನು ಯಾರನ್ನು ಉದ್ದೇಶಿಸಿ ಬರೆದರೆಂದು ಪರಂಪರೆ ಹೇಳುತ್ತದೆಯೋ, ಆ ಮಗಳ ಹೆಸರನ್ನೇ ಶೀರ್ಷಿಕೆಯಾಗಿ ಆರಿಸಿಕೊಂಡಿರುವುದು ಬಹಳ ಚೆನ್ನಾಗಿದೆ.

ರಾಜೇಶ್ವರಿ ಚಟರ್ಜಿ ಅವರ ಅಧ್ಯಾಯಕ್ಕೆ ಬಂದಾಗ ನಮ್ಮ ಓದು ಒಂದೆಡೆ ನಿಂತುಬಿಟ್ಟಿತು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎನಿಸಿಕೊಂಡವರು 1922ರಲ್ಲಿ ಹುಟ್ಟಿದ್ದು ಹಾಸನದಲ್ಲಿ ಎಂಬ ಸಂಗತಿ ಅದೇ ಊರಿನಲ್ಲಿ ಬೆಳೆದ ನನ್ನ ವಿದ್ಯಾರ್ಥಿನಿಯರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಅದು ನನಗೆ ನಿಜಕ್ಕೂ ನೋವುಂಟುಮಾಡಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ, ನಮ್ಮ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು 1943ರಲ್ಲಿ ಸೇರಿ, ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ, 1953ರಲ್ಲಿ ಡಾಕ್ಟರೇಟ್ ಪಡೆದು ಹಿಂತಿರುಗಿದ ಅವರು, ಅದೇ ಸಂಸ್ಥೆಯಲ್ಲಿ ಮೈಕ್ರೋವೇವ್ ಮತ್ತು ಆಂಟೆನಾಗಳ ಕ್ಷೇತ್ರವನ್ನು ಕಟ್ಟಿ ಬೆಳೆಸಿ 1982ರಲ್ಲಿ ನಿವೃತ್ತರಾದರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು ಎಂದು ನಾನು ಹೇಳಿದಾಗ ಒಬ್ಬ ಹುಡುಗಿ, “ನಮ್ಮಜ್ಜಿ ಸಹಿ ಹಾಕೋದು ಕಲ್ತಿದ್ದೇ ಈಚೆಗೆ ಮೇಡಂ, ನಮ್ಮ ಲೆಕ್ಕ ಅಮ್ಮನಿಂದ ಶುರುವಾಗ್ಬೇಕು” ಎಂದಳು. ಆ ಮಾತನ್ನು ನಾನು ಪುಸ್ತಕದ ಅಂಚಿನಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಹುಡುಗಿಯರನ್ನು ಅಷ್ಟೇ ಆಳವಾಗಿ ತಟ್ಟಿದವರು ಅಣ್ಣಾ ಮಣಿ. ಒಂದೊಂದು ವರ್ಣಪಟಲದ ಛಾಯಾಚಿತ್ರಕ್ಕೂ 15ರಿಂದ 20 ಗಂಟೆ ಕಾಯಬೇಕಾಗುತ್ತಿದ್ದ ಕಾಲದಲ್ಲಿ, ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ರಾತ್ರಿಯೆಲ್ಲ ಕುಳಿತು ವಜ್ರ ಮತ್ತು ಮಾಣಿಕ್ಯಗಳ ಅಧ್ಯಯನ ಮಾಡಿ, ಐದು ಸಂಶೋಧನಾ ಲೇಖನಗಳನ್ನು ಪ್ರಕಟಿಸಿದವರಿಗೆ, ಎಂ.ಎಸ್ಸಿ. ಇಲ್ಲವೆಂಬ ಕಾರಣ ಮುಂದಿಟ್ಟು ಮದರಾಸು ವಿಶ್ವವಿದ್ಯಾಲಯ ಪಿಎಚ್.ಡಿ. ನಿರಾಕರಿಸಿತು. ಮುಂದೆ ಅವರು ಇಂಗ್ಲೆಂಡಿನಲ್ಲಿ ಹವಾಮಾನ ಉಪಕರಣಗಳನ್ನು ಕಲಿತು ಬಂದು, 1948ರಲ್ಲಿ ಹವಾಮಾನ ಇಲಾಖೆಯನ್ನು ಸೇರಿ, ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದರು. ಪದವಿ ಕೈಗೆ ಬಾರದಿದ್ದರೂ ಕೆಲಸ ಮುಂದುವರಿಯಬಹುದೆಂದು ತೋರಿಸುವ ಇಂತಹ ಬದುಕಿನಿಂದ ಬರುವ ಧೈರ್ಯ ಯಾವ ಉಪದೇಶದಿಂದಲೂ ಬರುವುದಿಲ್ಲ. 1933ರಲ್ಲಿ ಹೆಣ್ಣೆಂಬ ಕಾರಣಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರವೇಶ ನಿರಾಕರಿಸಿದ ರಾಮನ್ ಅವರನ್ನು ಪಟ್ಟುಹಿಡಿದು ಒಪ್ಪಿಸಿ, ಒಂದು ವರ್ಷದ ಪರೀಕ್ಷಾರ್ಥ ಷರತ್ತಿನ ಮೇಲೆ ಒಳಗೆ ಬಂದ ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿ ಅವರ ಕಥೆ ಕೇಳಿದ ತರಗತಿ ಬಹಳ ಹೊತ್ತು ಸುಮ್ಮನಿತ್ತು.

ಸಲಹೆಯ ದೃಷ್ಟಿಯಿಂದ ನೋಡಿದರೆ ಪುಸ್ತಕ ಒಂದೇ ಮಟ್ಟದಲ್ಲಿಲ್ಲ. ಶ್ರದ್ಧೆ ಬೇಕು, ಮನೆಯವರ ಬೆಂಬಲ ಬೇಕು, ಒಳ್ಳೆಯ ಮಾರ್ಗದರ್ಶಕರು ಸಿಗಬೇಕು ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ; ಅವು ನಿಜವಾದರೂ ಹದಿನೇಳರ ಹುಡುಗಿಗೆ ಅವುಗಳಿಂದ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಕೆಲವು ಬರಹಗಳಂತೂ ಹುದ್ದೆ ಮತ್ತು ಪ್ರಶಸ್ತಿಗಳ ಪಟ್ಟಿಯಂತೆ ಓದಿಸಿಕೊಳ್ಳುತ್ತವೆ. ನನ್ನ ಮಟ್ಟಿಗೆ ಬೆಲೆಬಾಳುವ ಪುಟಗಳು ಬೇರೆ. ಮಗುವನ್ನು ಯಾರು ನೋಡಿಕೊಂಡರು, ಗಂಡನಿಗೆ ಒಂದು ಊರಿನಲ್ಲಿ, ತನಗೆ ಇನ್ನೊಂದು ಊರಿನಲ್ಲಿ ಕೆಲಸ ಸಿಕ್ಕಾಗ ಯಾರು ಯಾವುದನ್ನು ಬಿಟ್ಟರು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುವ ಪುಟಗಳು ಅವು. ನನ್ನ ಸಂಶೋಧನೆ ನಿಂತಾಗ, ಅದು ನನ್ನೊಬ್ಬಳ ಅಶಕ್ತತೆಯೆಂದು ನನ್ನ ಸುತ್ತಲಿನವರೂ ನಾನೂ ನಂಬಿದ್ದೆವು. ಆ ಪುಟಗಳನ್ನು ಓದಿದ ಮೇಲೆಯೇ ಆ ಭಾರ ಇಳಿದು, ಅರ್ಧಕ್ಕೆ ನಿಂತಿದ್ದ ಪ್ರಬಂಧವನ್ನು ನಾನು ಪೂರ್ಣಗೊಳಿಸಿದೆ.

ಕೊರತೆಗಳನ್ನೂ ಹೇಳಬೇಕು. ಇಲ್ಲಿರುವವರು ಬಹುಪಾಲು ವಿಶ್ವವಿದ್ಯಾಲಯ ಮತ್ತು ಸಂಶೋಧನಾ ಸಂಸ್ಥೆಗಳವರು. ಕಾರ್ಖಾನೆಯ ಪಾಳಿ, ಕಟ್ಟಡ ಕಾಮಗಾರಿ, ವಿದ್ಯುತ್ ಸ್ಥಾವರಗಳಲ್ಲಿ ದುಡಿಯುವ ಮಹಿಳಾ ಎಂಜಿನಿಯರುಗಳ ದನಿ ಬಹಳ ಕಡಿಮೆ. ನನ್ನ ತರಗತಿಯ ಅರ್ಧಕ್ಕಿಂತ ಹೆಚ್ಚು ಹುಡುಗಿಯರು ಸಿಇಟಿ ಬರೆದು ಎಂಜಿನಿಯರಿಂಗಿಗೆ ಹೋಗುವವರಾದ್ದರಿಂದ ಈ ಕೊರತೆ ಎದ್ದು ಕಾಣುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರ ಅನುಭವಗಳಿಗೂ ಇನ್ನಷ್ಟು ಜಾಗ ಸಿಗಬೇಕಿತ್ತು. ಪುಸ್ತಕ ಬಂದ ಮೇಲೆ ನಿಯಮಗಳೂ ಬದಲಾಗಿವೆ: ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಆದ್ದರಿಂದ ರಜೆ, ವಯೋಮಿತಿ, ಸಹಾಯಧನದ ವಿವರಗಳನ್ನು ಈಗಿನ ಮೂಲಗಳಲ್ಲೇ ನೋಡಿಕೊಳ್ಳಬೇಕು.

ಇಂಗ್ಲಿಷ್ ಸರಳವಾಗಿದ್ದರೂ ಕನ್ನಡ ಮಾಧ್ಯಮದಿಂದ ಬಂದವರಿಗೆ ಜೊತೆಯಲ್ಲೊಬ್ಬರು ಬೇಕಾಗುತ್ತದೆ. 300ಕ್ಕೂ ಹೆಚ್ಚು ಪುಟಗಳನ್ನು ಮೊದಲಿನಿಂದ ಕೊನೆಯವರೆಗೆ ಓದುವ ಅಗತ್ಯವಿಲ್ಲ. ಅಕಾಡೆಮಿಯ ಜಾಲತಾಣದಲ್ಲಿ ಬರಹಗಳು ಉಚಿತವಾಗಿಯೇ ಇರುವುದರಿಂದ, ಮೊದಲು ನಾಲ್ಕೈದನ್ನು ಅಲ್ಲಿ ಓದಿ, ಆಮೇಲೆ ಕಾಲೇಜಿನ ಗ್ರಂಥಾಲಯಕ್ಕೆ ಒಂದು ಪ್ರತಿ ತರಿಸುವಂತೆ ಕೇಳುವುದು ಒಳ್ಳೆಯದು. ರೋಹಿಣಿ ಗೋಡಬೋಲೆ 2024ರ ಅಕ್ಟೋಬರಿನಲ್ಲಿ ತೀರಿಕೊಂಡ ಸುದ್ದಿ ಬಂದ ವಾರ ನಾವು ಬೇರೆ ಪಾಠ ಮಾಡಲಿಲ್ಲ. ರಾಜೇಶ್ವರಿ ಅವರ ಅಧ್ಯಾಯವನ್ನು ಮತ್ತೊಮ್ಮೆ ಓದಿದೆವು. ಅದರ ಕನ್ನಡ ಅನುವಾದವನ್ನು ಆ ಹುಡುಗಿಯರೇ ಮಾಡುತ್ತಿದ್ದಾರೆ, ಆಂಟೆನಾಗಳ ಭಾಗ ಇನ್ನೂ ಬಾಕಿಯಿದೆ.